ಬಹುಗರ್ಭದ ಹೊಣೆ ಯಾರದು?



2009ರ ಜನವರಿ 26. ಕ್ಯಾಲಿಫೋರ್ನಿಯಾದ ಬೆಲ್‌ಫ್ಲವರ್ ಪಟ್ಟಣದ ಆಸ್ಪತ್ರೆಯಲ್ಲಿ ಒಂದೇ ಒಂದು ಹೆರಿಗೆಗಾಗಿ 46 ಮಂದಿ ವೈದ್ಯರು, ದಾದಿಯರು, ಸಹಾಯಕರು ಸಜ್ಜಾಗಿ ನಿಂತಿದ್ದರು. ಸ್ಕ್ಯಾನಿನಲ್ಲಿ ಏಳು ಮಕ್ಕಳು ಕಂಡಿದ್ದವು. ಸಿಸೇರಿಯನ್ ನಡೆದಾಗ ಎಂಟು ಹೊರಬಂದವು. ಎಂಟನೆಯದು ಯಾರ ಲೆಕ್ಕದಲ್ಲೂ ಇರಲಿಲ್ಲ. ಐದು ನಿಮಿಷದಲ್ಲಿ ಆರು ಗಂಡು, ಎರಡು ಹೆಣ್ಣು. ದಿನ ತುಂಬಲು ಇನ್ನೂ ಒಂಬತ್ತು ವಾರಕ್ಕೂ ಹೆಚ್ಚು ಬಾಕಿ ಇತ್ತು. ಅತಿ ಚಿಕ್ಕ ಮಗು 700 ಗ್ರಾಂಗಿಂತ ಕಡಿಮೆ. ಅತಿ ದೊಡ್ಡದು ಒಂದೂವರೆ ಕಿಲೋ ಮುಟ್ಟಿರಲಿಲ್ಲ. ಎಂಟೂ ಬದುಕಿದವು. ನವಜಾತ ಶಿಶುಗಳ ನಡುವೆ ಬದುಕಿನ ಬಹುಪಾಲು ಕಳೆದ ನನಗೆ ಅದು ಎಂಥ ಸಾಧನೆ ಎಂಬುದು ಗೊತ್ತು. ಆ ಘಟಕದ ದಾದಿಯರಿಗೆ ಇಲ್ಲಿಂದಲೇ ಕೈಮುಗಿಯುತ್ತೇನೆ.

ಮೊದಲೆರಡು ದಿನ ಜಗತ್ತು ಸಂಭ್ರಮಿಸಿತು. ಆಮೇಲೆ ತಾಯಿಯ ವಿವರಗಳು ಹೊರಬಂದವು. ನಾಡ್ಯಾ ಸುಲೇಮಾನ್, 33 ವರ್ಷ, ಗಂಡನಿಲ್ಲ, ಕೆಲಸವಿಲ್ಲ, ಇರುವುದು ತಾಯಿಯ ಮನೆಯಲ್ಲಿ. ಪ್ರನಾಳ ಶಿಶು ವಿಧಾನದಿಂದಲೇ ಹುಟ್ಟಿದ ಆರು ಮಕ್ಕಳು ಆಗಲೇ ಇದ್ದರು. ಪತ್ರಿಕೆಗಳು ಅವಳಿಗೆ ಅಡ್ಡಹೆಸರಿಟ್ಟವು. ಕೊಲೆ ಬೆದರಿಕೆಗಳು ಬಂದವು. ಅವಳ ಪರ ಮಾತಾಡಲು ನಿಯೋಜಿತರಾದವರೇ ಹೆದರಿ ಬಿಟ್ಟುಹೋದರು.

ಇದಕ್ಕೆ ಹನ್ನೊಂದು ವರ್ಷ ಹಿಂದೆ, 1997ರ ನವೆಂಬರ್ 19ರಂದು, ಅದೇ ಅಮೆರಿಕದ ಐಯೋವಾ ರಾಜ್ಯದಲ್ಲಿ ಬಾಬಿ ಮೆಕಾಹಿ ಎಂಬ ತಾಯಿ ಏಳು ಮಕ್ಕಳನ್ನು ಹೆತ್ತಿದ್ದಳು. ಏಳಕ್ಕೆ ಏಳೂ ಬದುಕುಳಿದದ್ದು ಜಗತ್ತಿನಲ್ಲೇ ಮೊದಲು. ಆ ಕುಟುಂಬಕ್ಕೆ ಅಧ್ಯಕ್ಷ ಕ್ಲಿಂಟನ್ ಫೋನ್ ಮಾಡಿದರು. ಮನೆ ಬಂತು, ವ್ಯಾನ್ ಬಂತು, ಡಯಾಪರ್‌ಗಳ ರಾಶಿ ಬಂತು. ನ್ಯೂಸ್‌ವೀಕ್ ಪತ್ರಿಕೆ ಅವಳ ಚಿತ್ರವನ್ನು ಮುಖಪುಟಕ್ಕೆ ಹಾಕುವಾಗ ಸೊಟ್ಟಗಿದ್ದ ಹಲ್ಲುಗಳನ್ನು ತಿದ್ದಿ ನೇರ ಮಾಡಿ ಅಚ್ಚು ಹಾಕಿತು. ಆ ಏಳರಲ್ಲಿ ಇಬ್ಬರಿಗೆ ಮೆದುಳಿನ ಪಾರ್ಶ್ವವಾಯು, ಅಂದರೆ ಸೆರೆಬ್ರಲ್ ಪಾಲ್ಸಿ ಇತ್ತು. ಈ ಸಂಗತಿಗೆ ಮುಖಪುಟ ಸಿಗಲಿಲ್ಲ.

ಎರಡು ಪ್ರಕರಣಗಳನ್ನು ಒಟ್ಟಿಗಿಟ್ಟು ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ವೈದ್ಯಕೀಯವಾಗಿ ಎರಡೂ ಒಂದೇ ಬಗೆಯ ಅನಾಹುತ: ಒಂದು ಮಗುವಿಗೆಂದು ರೂಪುಗೊಂಡ ಗರ್ಭಕೋಶದಲ್ಲಿ ಚಿಕಿತ್ಸೆಯ ಕಾರಣದಿಂದಲೇ ಏಳೆಂಟು ಜೀವಗಳು ತುಂಬಿಕೊಂಡವು. ಒಬ್ಬಳಿಗೆ ಗಂಡನಿದ್ದ, ಊರಿನ ಬೆಂಬಲವಿತ್ತು, ಅವಳು ಪುಣ್ಯವಂತೆಯಾದಳು. ಇನ್ನೊಬ್ಬಳು ಒಂಟಿ, ಬಡವಿ, ಅವಳು ದುರಾಸೆಯವಳಾದಳು. ನೀತಿಯ ಹೆಸರಿನಲ್ಲಿ ಸಮಾಜ ಅಳೆದದ್ದು ತಾಯಂದಿರ ಮದುವೆಯನ್ನು ಮತ್ತು ಬ್ಯಾಂಕ್ ಖಾತೆಯನ್ನು. ಚಿಕಿತ್ಸೆ ಸರಿಯಿತ್ತೇ ಎಂಬ ಪ್ರಶ್ನೆ ಹಿಂದೆ ಉಳಿಯಿತು. ಇಂದಿನ ನನ್ನ ಉಪನ್ಯಾಸ ಆ ಹಿಂದೆ ಉಳಿದ ಪ್ರಶ್ನೆಯ ಬಗ್ಗೆ.

ಸುಲೇಮಾನ್ ಪ್ರಕರಣದ ಉತ್ತರ ಸಿಗಲು ಎರಡು ವರ್ಷ ಹಿಡಿಯಿತು. ಬೆವರ್ಲಿ ಹಿಲ್ಸ್‌ನ ವೈದ್ಯ ಮೈಕೆಲ್ ಕಮ್ರಾವಾ ಒಂದೇ ಸಲಕ್ಕೆ ಅವಳ ಗರ್ಭಕೋಶದಲ್ಲಿ 12 ಭ್ರೂಣಗಳನ್ನು ಇಟ್ಟಿದ್ದ. ಆ ವಯಸ್ಸಿನವರಿಗೆ ಎರಡಕ್ಕಿಂತ ಹೆಚ್ಚು ಇಡಬಾರದು ಎಂದು ಅಲ್ಲಿನ ತಜ್ಞರ ಸಂಘದ ಮಾರ್ಗಸೂಚಿ ಹೇಳುತ್ತಿತ್ತು. ಅವನ ಮೇಲೆ ನಡೆದ ವಿಚಾರಣೆಯಲ್ಲಿ ಇನ್ನೊಬ್ಬ ರೋಗಿಯ ಸಂಗತಿಯೂ ಹೊರಬಂತು: 48 ವರ್ಷದ ಆಕೆಗೆ ಏಳು ಭ್ರೂಣ ಇಟ್ಟು ನಾಲ್ಕು ನಿಂತವು, ಒಂದು ಹೊಟ್ಟೆಯಲ್ಲೇ ತೀರಿಕೊಂಡಿತು. ಕೆಲಕಾಲ ನಿಗಾದಲ್ಲಿಟ್ಟರೆ ಸಾಕೆಂದು ವಿಚಾರಣಾಧಿಕಾರಿ ಶಿಫಾರಸು ಮಾಡಿದರೂ ಕ್ಯಾಲಿಫೋರ್ನಿಯಾದ ವೈದ್ಯಕೀಯ ಮಂಡಳಿ ಒಪ್ಪದೆ 2011ರಲ್ಲಿ ಅವನ ಪರವಾನಗಿಯನ್ನೇ ರದ್ದು ಮಾಡಿತು. ಆ ತೀರ್ಮಾನ ಸರಿಯಾದದ್ದು. ರೋಗಿ ಕೇಳಿದಳು ಎಂಬುದು ವೈದ್ಯನಿಗೆ ರಕ್ಷಣೆಯಾಗಲಾರದು. ರೋಗಿ ಕೇಳಿದಳೆಂದು ನಾವು ಹತ್ತು ಪಟ್ಟು ಇನ್ಸುಲಿನ್ ಕೊಡುತ್ತೇವೆಯೇ?

ಚಿಕಿತ್ಸೆಯಿಂದ ಬಹುಗರ್ಭ ಹೇಗಾಗುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ದಾರಿಗಳು ಎರಡು. ಮೊದಲನೆಯದು ಐವಿಎಫ್, ಅಂದರೆ ಪ್ರನಾಳ ಶಿಶು ವಿಧಾನ. ದೇಹದ ಹೊರಗೆ ಅಂಡ ಮತ್ತು ವೀರ್ಯಾಣು ಸೇರಿಸಿ, ಬೆಳೆದ ಭ್ರೂಣಗಳನ್ನು ತೆಳ್ಳನೆಯ ನಳಿಕೆಯಿಂದ ಗರ್ಭಕೋಶದೊಳಗೆ ಇಡುತ್ತಾರೆ. ಎಷ್ಟು ಇಡಬೇಕೆಂಬುದನ್ನು ಅಲ್ಲಿ ಮನುಷ್ಯರೇ ತೀರ್ಮಾನಿಸುತ್ತಾರೆ. ಎರಡು ಇಟ್ಟರೆ ಅವಳಿಗೆ ದಾರಿ, ಮೂರಿಟ್ಟರೆ ತ್ರಿವಳಿಗೆ. ಒಂದೇ ಭ್ರೂಣ ಇಟ್ಟಾಗಲೂ ಅದು ತಾನಾಗಿ ಒಡೆದು ಅವಳಿಯಾಗುವುದುಂಟು, ಅದು ಅಪರೂಪ. ಎರಡನೆಯ ದಾರಿ ಅಂಡೋತ್ಪತ್ತಿ ಹೆಚ್ಚಿಸುವ ಮಾತ್ರೆ, ಚುಚ್ಚುಮದ್ದು. ತಿಂಗಳಿಗೆ ಒಂದು ಅಂಡ ಬಿಡುವ ಅಂಡಾಶಯ ಈ ಔಷಧಿಗೆ ನಾಲ್ಕು, ಐದು, ಏಳು ಬಿಡಬಹುದು. ಐಯೋವಾದ ಏಳು ಮಕ್ಕಳು ಬಂದದ್ದು ಈ ದಾರಿಯಿಂದ. ಭ್ರೂಣದ ಸಂಖ್ಯೆಗೆ ಮಿತಿ ಹಾಕುವ ಯಾವ ನಿಯಮವೂ ಇದನ್ನು ಮುಟ್ಟುವುದಿಲ್ಲ. 2015ರಲ್ಲಿ ಅಮೆರಿಕದ 900 ದಂಪತಿಗಳ ಮೇಲೆ ನಡೆದ ದೊಡ್ಡ ಪರೀಕ್ಷೆಯೊಂದು ಪ್ರಕಟವಾಯಿತು. ಗೊನಡೋಟ್ರೋಪಿನ್ ಚುಚ್ಚುಮದ್ದು ಪಡೆದವರ ಬಸಿರುಗಳಲ್ಲಿ ಸುಮಾರು ಮೂರರಲ್ಲೊಂದು ಬಹುಗರ್ಭ. ಕ್ಲೋಮಿಫಿನ್ ಮಾತ್ರೆಯವರಲ್ಲಿ ಹತ್ತರಲ್ಲೊಂದಕ್ಕಿಂತ ತುಸು ಕಡಿಮೆ. ಚುಚ್ಚುಮದ್ದು ಕೊಟ್ಟ ಮೇಲೆ ಸ್ಕ್ಯಾನ್ ಮಾಡಿ ಅಂಡ ಬೆಳೆಯುವ ಕೋಶಿಕೆಗಳನ್ನು ಎಣಿಸಬೇಕು. ಹೆಚ್ಚಿದ್ದರೆ ಆ ತಿಂಗಳ ಪ್ರಯತ್ನವನ್ನೇ ಕೈಬಿಡಬೇಕು. ಹಣ ಖರ್ಚಾಗಿದೆ, ದಂಪತಿ ಆಸೆಯಿಂದ ಕಾಯುತ್ತಿದ್ದಾರೆ. ಆ ಹೊತ್ತಿನಲ್ಲಿ ‘ಈ ತಿಂಗಳು ಬೇಡ’ ಎನ್ನುವುದಕ್ಕೆ ವೈದ್ಯರಿಗೆ ಗಟ್ಟಿತನ ಬೇಕು.

ಇನ್ನು ಮಕ್ಕಳ ವಿಷಯ. ‘ಒಂದೇ ಬಾಣಂತನದಲ್ಲಿ ಸಂಸಾರ ಪೂರ್ತಿ’ ಎಂದು ತ್ರಿವಳಿಯ ಸುದ್ದಿ ಕೇಳಿದವರು ಸಂತೋಷಪಡುತ್ತಾರೆ. ನಾನು ಕಂಡ ತ್ರಿವಳಿ ಬೇರೆ. ಸಾಲಾಗಿ ಶಿಶುಗಳನ್ನು ಬೆಚ್ಚಗಿಡುವ ಮೂರು ವಾರ್ಮರ್. ಅವುಗಳಲ್ಲಿ ಅಂಗೈಗಿಂತ ಸ್ವಲ್ಪ ಉದ್ದದ ಮೂರು ಶಿಶುಗಳು, ಚರ್ಮದಡಿಯ ರಕ್ತನಾಳ ಹೊರಗೇ ಕಾಣುತ್ತದೆ. ಮೂಗಿಗೆ ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ನಳಿಕೆ, ಬಾಯಿಯಿಂದ ಹೊಟ್ಟೆಗೆ ಹಾಲಿನ ನಳಿಕೆ. ಎರಡು ಗಂಟೆಗೊಮ್ಮೆ ಎರಡು ಮಿಲಿಲೀಟರ್ ಹಾಲು. ಮೊದಲನೆಯದಕ್ಕೆ ಕೊಟ್ಟು, ತೊಳೆದು, ಎರಡನೆಯದಕ್ಕೆ ಕೊಟ್ಟು, ಮೂರನೆಯದು ಮುಗಿಯುವಷ್ಟರಲ್ಲಿ ಮೊದಲನೆಯದರ ಸರದಿ ಹತ್ತಿರ ಬಂದಿರುತ್ತದೆ. ತಾಯಿ ರಕ್ತದೊತ್ತಡ ಏರಿ ಬೇರೆ ವಾರ್ಡಿನಲ್ಲಿ ಮಲಗಿರುತ್ತಾಳೆ. ಮಕ್ಕಳ ಮುಖವನ್ನು ಅವಳು ಗಂಡನ ಮೊಬೈಲಿನಲ್ಲಿ ನೋಡಿರುತ್ತಾಳೆ, ಅಷ್ಟೇ. ನಳಿಕೆ ತೆಗೆದು ಒಳಲೆಯಲ್ಲಿ ಹಾಲು ಕುಡಿಸುವ ದಿನ ಬಂದರೆ ಘಟಕಕ್ಕೆಲ್ಲ ಹಬ್ಬ. ಆ ದಿನ ಬರುವುದರೊಳಗೆ ಮೂರು ಎರಡಾದದ್ದನ್ನೂ ಕಂಡಿದ್ದೇನೆ. ಉಳಿದ ಎರಡಕ್ಕೆ ಹಾಲುಣಿಸುತ್ತಲೇ ತೀರಿದ ಒಂದಕ್ಕೆ ಅಳುವ ತಾಯಿಗೆ ಮನೆಯವರು ‘ಎರಡಾದರೂ ಉಳಿದಿವೆಯಲ್ಲ’ ಎನ್ನುತ್ತಾರೆ. ಆ ಮಾತು ಅವಳಿಗೆ ಏನು ಮಾಡುತ್ತದೆ ಎಂಬುದನ್ನು ಹೇಳಲು ನನ್ನಲ್ಲಿ ಪದಗಳಿಲ್ಲ.

ಒಂಟಿ ಬಸಿರು 40 ವಾರದ ಹತ್ತಿರ ಹೋಗುತ್ತದೆ. ಅವಳಿ ಸರಾಸರಿ 35–36 ವಾರಕ್ಕೆ, ತ್ರಿವಳಿ 32ರ ಆಸುಪಾಸಿಗೆ ಹುಟ್ಟಿಬಿಡುತ್ತವೆ. ಅವಧಿಗೆ ಮುಂಚೆ ಹುಟ್ಟಿದ್ದರ ಬೆಲೆಯನ್ನು ಶ್ವಾಸಕೋಶ, ಕರುಳು, ಮೆದುಳು, ಕಣ್ಣು ಎಲ್ಲವೂ ತೆರುತ್ತವೆ. ಸೆರೆಬ್ರಲ್ ಪಾಲ್ಸಿಯ ಸಂಭವ ಅವಳಿಗಳಲ್ಲಿ ಹಲವು ಪಟ್ಟು, ತ್ರಿವಳಿಗಳಲ್ಲಿ ಇನ್ನೂ ಹೆಚ್ಚು. ಕಣ್ಣಿನ ವಿಷಯದಲ್ಲಿ ಮಾತ್ರ ನಮ್ಮ ನಾಡಿನ ಒಂದು ಒಳ್ಳೆಯ ಕೆಲಸವನ್ನು ಹೆಸರಿಸಬೇಕು. ಅವಧಿಪೂರ್ವ ಶಿಶುಗಳ ಅಕ್ಷಿಪಟಲದಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡಾಗುವ ರೋಗವನ್ನು ಆರ್‌ಒಪಿ ಎನ್ನುತ್ತೇವೆ. ಹುಟ್ಟಿದ 30 ದಿನದೊಳಗೆ ಕಣ್ಣು ಪರೀಕ್ಷಿಸಿ, ಬೇಕಾದರೆ ಲೇಸರ್ ಕೊಟ್ಟರೆ ದೃಷ್ಟಿ ಉಳಿಯುತ್ತದೆ. ತಡವಾದರೆ ಯಾರೂ ಏನೂ ಮಾಡಲಾಗದು. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ 2008ರಲ್ಲಿ ಆರಂಭಿಸಿದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆ ಜಿಲ್ಲೆಯ ಶಿಶು ಘಟಕಗಳಿಗೆ ಹೋಗುತ್ತಾರೆ, ತೆಗೆದ ಚಿತ್ರಗಳನ್ನು ತಜ್ಞರು ದೂರದಿಂದಲೇ ನೋಡಿ ನಿರ್ಧಾರ ತಿಳಿಸುತ್ತಾರೆ. ಕಣ್ಣಿನ ತಜ್ಞರಿಲ್ಲದ ಊರುಗಳ ಎಷ್ಟೋ ಮಕ್ಕಳ ದೃಷ್ಟಿ ಇದರಿಂದ ಉಳಿದಿದೆ.

ಆದರೆ ಪ್ರಶ್ನೆ ಬಾಕಿ ಇದೆ. ಹುಟ್ಟಿದ ಮೇಲೆ ಇಷ್ಟೆಲ್ಲ ಹೆಣಗುವ ನಾವು, ಹುಟ್ಟಿಗೆ ಮುಂಚೆ ಎಚ್ಚರ ವಹಿಸುವುದು ಅಷ್ಟು ಕಷ್ಟವೇ?

ಬಹುಗರ್ಭ ನಿಂತಿದೆ ಎಂದು ಗೊತ್ತಾದ ಮೇಲೆ ಇರುವ ಒಂದೇ ವೈದ್ಯಕೀಯ ಉಪಾಯ ಭ್ರೂಣ ಇಳಿಕೆ. ಸುಮಾರು 11ರಿಂದ 13ನೆಯ ವಾರದಲ್ಲಿ ಸ್ಕ್ಯಾನ್ ನೋಡುತ್ತಾ ಸೂಜಿಯಿಂದ ಪೊಟ್ಯಾಸಿಯಂ ಕ್ಲೋರೈಡ್ ಕೊಟ್ಟು ಒಂದೋ ಎರಡೋ ಭ್ರೂಣದ ಹೃದಯ ನಿಲ್ಲಿಸುತ್ತಾರೆ. ಉಳಿದವು ಬದುಕುವ ಸಾಧ್ಯತೆ ಹೆಚ್ಚುತ್ತದೆ. ಇಲ್ಲಿ ನೀತಿವಾದಿಗಳು ಒಡೆದುಹೋಗಿದ್ದಾರೆ. ಕ್ಯಾಥೋಲಿಕ್ ಚರ್ಚು 2008ರ ತನ್ನ ದಾಖಲೆಯಲ್ಲಿ ಇದನ್ನು ಗರ್ಭಪಾತವೆಂದೇ ಕರೆದು ನಿರಾಕರಿಸಿತು. ಐಯೋವಾದ ದಂಪತಿ ತಮ್ಮ ನಂಬಿಕೆಯಿಂದಾಗಿ ಇದನ್ನು ಒಪ್ಪಲಿಲ್ಲ. 1996ರಲ್ಲಿ ಇಂಗ್ಲೆಂಡಿನಲ್ಲಿ ಔಷಧಿಯಿಂದ ಎಂಟು ಭ್ರೂಣ ನಿಂತ ಮಹಿಳೆಯೊಬ್ಬಳು ಇಳಿಕೆ ಬೇಡವೆಂದಳು. ಐದು ತಿಂಗಳು ತುಂಬುವ ಮೊದಲೇ ಎಂಟನ್ನೂ ಕಳೆದುಕೊಂಡಳು. ಎಲ್ಲರನ್ನೂ ಕಳೆದುಕೊಳ್ಳುವುದಕ್ಕಿಂತ ಇಬ್ಬರನ್ನು ಉಳಿಸಿಕೊಳ್ಳುವುದು ಮೇಲು ಎಂಬ ವಾದಕ್ಕೆ ನಾನು ವೈದ್ಯನಾಗಿ ತಲೆಬಾಗುತ್ತೇನೆ. ಆದರೆ ವರ್ಷಗಟ್ಟಲೆ ಮಗುವಿಗಾಗಿ ಹರಕೆ ಹೊತ್ತ ಹೆಣ್ಣಿಗೆ, ಗೆಲುವಿನ ಸುದ್ದಿ ಕೇಳಿದ ಕೆಲವೇ ವಾರಗಳಲ್ಲಿ ‘ಇವುಗಳಲ್ಲಿ ಒಂದನ್ನು ತೆಗೆಯೋಣ’ ಎನ್ನುವುದು ಚಿಕಿತ್ಸೆಯ ಭಾಗವಾಗಿಬಿಡಬಾರದು. ಯಾವುದನ್ನು ತೆಗೆಯುವುದು ಎಂಬ ಪ್ರಶ್ನೆ ಬಂದಾಗ ಹೆಣ್ಣು ಭ್ರೂಣದ ಮೇಲೆ ಕಣ್ಣು ಬೀಳುವ ಅಪಾಯ ನಮ್ಮ ದೇಶದಲ್ಲಿ ಇದ್ದೇ ಇದೆ. 1994ರ ಲಿಂಗಪತ್ತೆ ನಿಷೇಧ ಕಾಯ್ದೆಯ ಕಾವಲು ಇಲ್ಲಿಯೂ ಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಈ ಸಂಕಟವನ್ನು ತಂದವರು ನಾವು. ಪ್ರಕೃತಿ ತಂದಿಟ್ಟ ಸಂದಿಗ್ಧದ ಮುಂದೆ ವೈದ್ಯ ನಿಸ್ಸಹಾಯಕನಾಗಬಹುದು. ತಾನೇ ಮೂರು ಭ್ರೂಣ ಇಟ್ಟು ಆಮೇಲೆ ಆಯ್ಕೆಯ ಭಾರವನ್ನು ತಾಯಿಯ ತಲೆಗೆ ಹೊರಿಸುವುದು ಅನ್ಯಾಯ.

ಹಾಗಾದರೆ ಒಂದೇ ಭ್ರೂಣ ಇಡಬಹುದಲ್ಲ? ಇಡಬಹುದು. ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ 1978ರ ಜುಲೈ 25ರಂದು ಹುಟ್ಟಿದ್ದು ಔಷಧಿಯಿಲ್ಲದೆ ಸಹಜವಾಗಿ ಬಂದ ಒಂದೇ ಅಂಡದಿಂದ, ಒಂದೇ ಭ್ರೂಣದಿಂದ. ಆಮೇಲೆ ಯಶಸ್ಸು ಹೆಚ್ಚಲೆಂದು ಅಂಡಗಳು ಹೆಚ್ಚಿದವು, ಇಡುವ ಭ್ರೂಣಗಳೂ ಹೆಚ್ಚಿದವು. ಉಳಿದ ಭ್ರೂಣಗಳನ್ನು ಹೆಪ್ಪುಗಟ್ಟಿಸಿ ಕಾಪಾಡುವ ತಂತ್ರ ಕೈಗೆ ಬಂದ ಮೇಲೆ ಒಂದು ಇಟ್ಟು, ಅದು ನಿಲ್ಲದಿದ್ದರೆ ಮುಂದಿನ ತಿಂಗಳು ಇನ್ನೊಂದನ್ನು ಇಡುವುದು ಸಾಧ್ಯವಾಯಿತು. ಈ ತಂತ್ರವನ್ನು ಅದೇ 1978ರಲ್ಲಿ ಕೋಲ್ಕತ್ತದ ಡಾ. ಸುಭಾಷ್ ಮುಖರ್ಜಿ ಬಳಸಿದ್ದರು. ಲೂಯಿಸ್ ಬ್ರೌನ್ ಹುಟ್ಟಿದ 70 ದಿನಕ್ಕೆ, ಅಕ್ಟೋಬರ್ 3ರಂದು, ಅವರ ಕೈಯಲ್ಲಿ ಹೆಪ್ಪುಗಟ್ಟಿಸಿದ ಭ್ರೂಣದಿಂದ ಹೆಣ್ಣುಮಗು ಹುಟ್ಟಿತು. ಸರ್ಕಾರ ನೇಮಿಸಿದ ಸಮಿತಿ ಅವರನ್ನು ನಂಬಲಿಲ್ಲ. ಅವಮಾನಿಸಿ ಸಂಬಂಧವೇ ಇಲ್ಲದ ಕಣ್ಣಿನ ವಿಭಾಗಕ್ಕೆ ವರ್ಗ ಮಾಡಿದರು. 1981ರ ಜೂನ್‌ನಲ್ಲಿ ಅವರು ಪ್ರಾಣ ಕಳೆದುಕೊಂಡರು. ಅವರ ಟಿಪ್ಪಣಿಗಳನ್ನು ಓದಿ, ಮೊದಲ ಗೌರವ ಅವರಿಗೇ ಸಲ್ಲಬೇಕೆಂದು 1997ರಲ್ಲಿ ಬೆಂಗಳೂರಿನಿಂದ ಪ್ರಕಟವಾಗುವ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬರೆದವರು ಡಾ. ಟಿ.ಸಿ. ಆನಂದ ಕುಮಾರ್. 1986ರಲ್ಲಿ ಮುಂಬೈಯಲ್ಲಿ ಡಾ. ಇಂದಿರಾ ಹಿಂದುಜಾ ಅವರೊಡನೆ ‘ದೇಶದ ಮೊದಲ ಪ್ರನಾಳ ಶಿಶು’ವಿನ ಕೀರ್ತಿ ಪಡೆದಿದ್ದ ವಿಜ್ಞಾನಿ ಇವರೇ. ತನ್ನ ತಲೆಯ ಕಿರೀಟವನ್ನು ಇನ್ನೊಬ್ಬರಿಗೆ ಒಪ್ಪಿಸಿದ ಅಂಥ ಪ್ರಾಮಾಣಿಕತೆ ನಮ್ಮ ವೃತ್ತಿಯಲ್ಲಿ ವಿರಳ; ಅದಕ್ಕಾಗಿ ವಿಷಯ ಸ್ವಲ್ಪ ಬಿಟ್ಟು ಹೇಳಿದೆ.

ಒಂದೊಂದೇ ಇಟ್ಟರೆ ಫಲ ಕಡಿಮೆಯಾಗುವುದಿಲ್ಲವೇ? ಸ್ವೀಡನ್ನಿನ ನೇತೃತ್ವದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಪರೀಕ್ಷೆ ಇದನ್ನೇ ಕೇಳಿತು. 36ರೊಳಗಿನ 661 ಮಹಿಳೆಯರು. ಒಂದು ಗುಂಪಿಗೆ ಒಟ್ಟಿಗೆ ಎರಡು ಭ್ರೂಣ. ಇನ್ನೊಂದಕ್ಕೆ ಮೊದಲು ಒಂದು, ಮಗುವಾಗದಿದ್ದರೆ ಹೆಪ್ಪುಗಟ್ಟಿಸಿಟ್ಟ ಇನ್ನೊಂದು. ಮೊದಲ ಗುಂಪಿನಲ್ಲಿ ಸುಮಾರು 43 ಪ್ರತಿಶತ, ಎರಡನೆಯದರಲ್ಲಿ ಸುಮಾರು 39 ಪ್ರತಿಶತ ಮಹಿಳೆಯರಿಗೆ ಮಗುವಾಯಿತು. ಹೆರಿಗೆಗಳಲ್ಲಿ ಬಹುಶಿಶುಗಳ ಪ್ರಮಾಣ ಮೊದಲ ಗುಂಪಿನಲ್ಲಿ 33, ಎರಡನೆಯದರಲ್ಲಿ ಒಂದಕ್ಕಿಂತ ಕಡಿಮೆ. ಸ್ವೀಡನ್ ಒಂದೇ ಭ್ರೂಣವನ್ನು ರೂಢಿಯ ನಿಯಮವಾಗಿಸಿತು. ಬ್ರಿಟನ್ನಿನಲ್ಲಿ 1990ರ ದಶಕದಲ್ಲಿ ಐವಿಎಫ್ ಹೆರಿಗೆಗಳ 28 ಪ್ರತಿಶತ ಬಹುಶಿಶು ಹೆರಿಗೆಗಳಾಗಿದ್ದವು. ಅಲ್ಲಿನ ನಿಯಂತ್ರಣ ಸಂಸ್ಥೆಯ ಒತ್ತಾಯದಿಂದ 2019ರ ಹೊತ್ತಿಗೆ ಅದು 6ಕ್ಕೆ ಇಳಿಯಿತು. ಕಾನೂನು ತಪ್ಪು ದಾರಿಗೂ ಎಳೆಯಬಲ್ಲದು: ಇಟಲಿಯ 2004ರ ಕಾಯ್ದೆ ಭ್ರೂಣ ಹೆಪ್ಪುಗಟ್ಟಿಸುವುದನ್ನು ತಡೆದು, ಮೂರರವರೆಗೆ ಮಾತ್ರ ಭ್ರೂಣ ರೂಪಿಸಿ ಎಲ್ಲವನ್ನೂ ಒಟ್ಟಿಗೆ ಇಡಬೇಕೆಂದು ವಿಧಿಸಿತ್ತು. ಭ್ರೂಣದ ಗೌರವಕ್ಕೆಂದು ಬರೆದ ಆ ಕಾಯ್ದೆ ತಾಯಂದಿರನ್ನು ತ್ರಿವಳಿಯ ಅಪಾಯಕ್ಕೆ ತಳ್ಳಿತು. 2009ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ ಆ ಕಟ್ಟಳೆಯನ್ನು ತೆಗೆದುಹಾಕಿತು.

ಈ 43 ಮತ್ತು 39ರ ನಡುವಿನ ನಾಲ್ಕನ್ನು ನಾನು ಹಗುರ ಮಾಡುವುದಿಲ್ಲ. ಹೊಲ ಅಡವಿಟ್ಟು, ಒಡವೆ ಮಾರಿ ಒಂದೇ ಒಂದು ಪ್ರಯತ್ನದ ಹಣ ಜೋಡಿಸಿಕೊಂಡು ಬಂದ ದಂಪತಿಗೆ ಆ ನಾಲ್ಕು ದೊಡ್ಡದಾಗಿ ಕಾಣುತ್ತದೆ. ಒಂದು ಸುತ್ತಿಗೆ ಲಕ್ಷಗಳಲ್ಲಿ ಖರ್ಚು. ಹಿಂದೆ ಅತ್ತೆಮನೆಯ ಮಾತು, ಬೀದಿಯ ಮಾತು, ಸೀಮಂತಗಳಿಗೆ ಕರೆಯದೆ ಬಿಟ್ಟ ನೋವು. ‘ಎರಡಾದರೂ ಇಡಿ ಡಾಕ್ಟ್ರೇ, ಮೂರು ಇದ್ದರೆ ಮೂರೂ ಇಡಿ’ ಎಂದು ಹೆಣ್ಣು ಕೇಳಿದರೆ ಅದು ದುರಾಸೆಯಲ್ಲ. ಅವಳ ಸ್ವಾತಂತ್ರ್ಯವನ್ನು ಗೌರವಿಸಬೇಕೆಂದು ಹೇಳುವವರು ಆ ಸ್ವಾತಂತ್ರ್ಯವನ್ನು ಹಣದ ಗೋಡೆ ಎಷ್ಟು ಕಿರಿದು ಮಾಡಿದೆ ಎಂಬುದನ್ನೂ ನೋಡಬೇಕು. ಎರಡನೆಯ ಪ್ರಯತ್ನದ ಭರವಸೆ ಇದ್ದವಳು ಮಾತ್ರ ನಿಶ್ಚಿಂತೆಯಿಂದ ಒಂದು ಸಾಕು ಎನ್ನಬಲ್ಲಳು.

ಇದನ್ನು ಸರಿಯಾಗಿ ಅರ್ಥಮಾಡಿಕೊಂಡ ದೇಶ ಬೆಲ್ಜಿಯಂ. 2003ರ ಜುಲೈಯಲ್ಲಿ ಅಲ್ಲಿನ ಸರ್ಕಾರ ಒಂದು ಒಪ್ಪಂದ ಮುಂದಿಟ್ಟಿತು: ಆರು ಸುತ್ತಿನ ಐವಿಎಫ್ ಪ್ರಯೋಗಾಲಯದ ಖರ್ಚನ್ನು ನಾವು ಕೊಡುತ್ತೇವೆ, ಬದಲಿಗೆ ಭ್ರೂಣಗಳ ಸಂಖ್ಯೆಯನ್ನು ನಾವು ಹೇಳಿದಷ್ಟಕ್ಕೆ ನಿಲ್ಲಿಸಿ. 36ರೊಳಗಿನವಳಿಗೆ ಮೊದಲ ಸುತ್ತಿನಲ್ಲಿ ಒಂದೇ. ಅವಧಿಪೂರ್ವ ಶಿಶುಗಳ ತೀವ್ರ ನಿಗಾ ಘಟಕಕ್ಕೆ ಸುರಿಯುವ ಹಣ ಉಳಿದರೆ ಚಿಕಿತ್ಸೆಯ ಖರ್ಚು ಅದರಲ್ಲೇ ಹುಟ್ಟುತ್ತದೆ ಎಂಬುದು ಲೆಕ್ಕ. ಅವಳಿಗಳ ಪ್ರಮಾಣ ಅರ್ಧಕ್ಕಿಂತ ಕೆಳಗೆ ಬಂತು.

ನಮ್ಮಲ್ಲಿ? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2005ರ ಮಾರ್ಗಸೂಚಿ ಮೂರು ಭ್ರೂಣಗಳವರೆಗೆ ಒಪ್ಪಿತ್ತು. 2019ರಲ್ಲಿ ಗುಂಟೂರಿನಲ್ಲಿ 70 ದಾಟಿದ ಮಹಿಳೆ ಅವಳಿ ಹೆತ್ತದ್ದು ನಿಮಗೆ ನೆನಪಿರಬಹುದು. 2022ರ ಜನವರಿಯಲ್ಲಿ ಜಾರಿಗೆ ಬಂದ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ ಹೆಣ್ಣಿಗೆ 50, ಗಂಡಿಗೆ 55ರ ಮೇಲ್ಮಿತಿ ಹಾಕಿ ಅಂಥದಕ್ಕೆ ತೆರೆ ಎಳೆದಿದೆ. ಕ್ಲಿನಿಕ್ಕುಗಳ ನೋಂದಣಿ ಕಡ್ಡಾಯವಾಗಿದೆ. ಭ್ರೂಣಗಳ ಸಂಖ್ಯೆಯ ವಿಷಯದಲ್ಲಿ ಬಾಡಿಗೆ ತಾಯ್ತನದ 2022ರ ನಿಯಮ ಸ್ಪಷ್ಟ: ಒಂದು ಭ್ರೂಣ, ವಿಶೇಷ ಸಂದರ್ಭದಲ್ಲಿ ಮಾತ್ರ ಮೂರರವರೆಗೆ. ಇನ್ನೊಬ್ಬರಿಗಾಗಿ ಹೊರುವವಳ ಒಡಲಿಗೆ ಸಲ್ಲುವ ಈ ಎಚ್ಚರ ತನ್ನ ಮಗುವನ್ನೇ ಹೊರುವವಳಿಗೂ ಆಚರಣೆಯಲ್ಲಿ ಸಲ್ಲಬೇಕು.

ಹಣದ ಮಾತಿಗೆ ಮರಳುತ್ತೇನೆ. ಆಯುಷ್ಮಾನ್ ಭಾರತ ಯೋಜನೆ ಸಂತಾನಹೀನತೆಯ ಚಿಕಿತ್ಸೆಯನ್ನು ಹೊರಗಿಟ್ಟಿದೆ. ಆದರೆ ಆ ಚಿಕಿತ್ಸೆಯಿಂದ ಏಳನೆಯ ತಿಂಗಳಿಗೇ ಹುಟ್ಟಿದ ತ್ರಿವಳಿ ಜಿಲ್ಲಾ ಆಸ್ಪತ್ರೆಯ ವಿಶೇಷ ನವಜಾತ ಶಿಶು ಘಟಕಕ್ಕೆ ಬಂದರೆ ವಾರಗಟ್ಟಲೆ ಉಚಿತವಾಗಿ ನೋಡಿಕೊಳ್ಳುತ್ತೇವೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಅದು ಅವರ ಹಕ್ಕು, ಇರಲೇಬೇಕಾದ ಹಕ್ಕು. ಅಂದರೆ ಬಹುಗರ್ಭದ ಖರ್ಚನ್ನು ಸರ್ಕಾರ ಈಗಾಗಲೇ ಭರಿಸುತ್ತಿದೆ, ಅದನ್ನು ತಡೆಯುವ ಹಂತದಲ್ಲಿ ಮಾತ್ರ ಕೈಚೆಲ್ಲಿದೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಐವಿಎಫ್ ಕೇಂದ್ರಗಳು ಬರಲಿ, ಅಲ್ಲಿ ಒಂದೊಂದೇ ಭ್ರೂಣ ಇಡುವವರಿಗೆ ಎರಡು-ಮೂರು ಸುತ್ತಿನ ಖರ್ಚು ಸಿಗಲಿ.

ಕ್ಲಿನಿಕ್ಕುಗಳ ಜಾಹೀರಾತಿನ ಬಗ್ಗೆಯೂ ಒಂದು ಮಾತು. ಬಸಿರಿನ ಪರೀಕ್ಷೆ ಪಾಸಿಟಿವ್ ಬಂದದ್ದನ್ನೇ ಯಶಸ್ಸೆಂದು ಎಣಿಸಿದರೆ, ಇಟ್ಟ ಭ್ರೂಣ ಹೆಚ್ಚಿದಷ್ಟೂ ಕ್ಲಿನಿಕ್ಕು ಗೆದ್ದಂತೆ ಕಾಣುತ್ತದೆ. ದಿನ ತುಂಬಿ, ಸರಿಯಾದ ತೂಕದಲ್ಲಿ, ಒಂಟಿಯಾಗಿ ಹುಟ್ಟಿ ತಾಯಿಯೊಡನೆ ಮನೆಗೆ ಹೋದ ಮಗು: ಯಶಸ್ಸೆಂದು ಬರೆಯಬೇಕಾದದ್ದು ಇದನ್ನು. ಹೊಸ ಕಾಯ್ದೆಯ ರಾಷ್ಟ್ರೀಯ ದಾಖಲಾತಿ ವ್ಯವಸ್ಥೆಗೆ ಕ್ಲಿನಿಕ್ಕುಗಳು ಕೊಡುವ ಲೆಕ್ಕದಲ್ಲಿ ಅವಳಿ, ತ್ರಿವಳಿ, ಭ್ರೂಣ ಇಳಿಕೆ, ಶಿಶುಮರಣ ಎಲ್ಲ ಪ್ರತ್ಯೇಕವಾಗಿ ಬರಲಿ, ಕ್ಲಿನಿಕ್ಕುವಾರು ಜನರಿಗೆ ಸಿಗಲಿ.

ಕೊನೆಯದಾಗಿ, ಸಹಿಯ ವಿಷಯ. ಭ್ರೂಣ ಇಡುವ ದಿನ ಹೆಣ್ಣು ಸ್ಕ್ಯಾನಿಗಾಗಿ ಹೊಟ್ಟೆ ತುಂಬ ನೀರು ಕುಡಿದು, ಮೂತ್ರ ತಡೆದುಕೊಂಡು, ಹಸಿರು ಗೌನಿನಲ್ಲಿ ಮೇಜಿನ ಮೇಲೆ ಮಲಗಿರುತ್ತಾಳೆ. ಹೊರಗೆ ಗಂಡ ಕಾಯುತ್ತಿರುತ್ತಾನೆ. ‘ಮೂರು ಚೆನ್ನಾಗಿವೆ, ಎಷ್ಟು ಇಡೋಣ?’ ಎಂಬ ಪ್ರಶ್ನೆ ಅವಳಿಗೆ ಮೊದಲ ಬಾರಿ ಬರುವುದು ಆ ಮೇಜಿನ ಮೇಲಾದರೆ ಅವಳು ಕೊಡುವ ಉತ್ತರವನ್ನು ಒಪ್ಪಿಗೆ ಎನ್ನಲಾಗದು. ಮೊದಲ ಚುಚ್ಚುಮದ್ದಿಗೆ ಮುಂಚೆ, ಗಂಡ-ಹೆಂಡಿರನ್ನು ಕೂರಿಸಿಕೊಂಡು, ಕನ್ನಡದಲ್ಲಿ ಬರೆದ ಹಾಳೆಯೊಂದನ್ನು ಮುಂದಿಟ್ಟು ಈ ಮಾತು ಮುಗಿಯಬೇಕು. ಅವಳಿ ಎಷ್ಟು ವಾರಕ್ಕೆ ಹುಟ್ಟುತ್ತವೆ, ಶಿಶು ಘಟಕದ ಒಂದು ದಿನದ ಖರ್ಚೆಷ್ಟು, ತಾಯಿಗೆ ಏನೇನು ಅಪಾಯ, ಉಳಿದ ಭ್ರೂಣಗಳು ಎಲ್ಲಿರುತ್ತವೆ, ಎರಡನೆಯ ಬಾರಿ ಇಡಲು ಎಷ್ಟು ಹಣ ಬೇಕು ಎಂಬುದೆಲ್ಲ ಅದರಲ್ಲಿರಬೇಕು. ಅದನ್ನು ಅವರು ಮನೆಗೊಯ್ದು, ಓದಿ, ನಾಲ್ಕು ದಿನ ಯೋಚಿಸಿ, ಹಿರಿಯರನ್ನು ಕೇಳುವುದಿದ್ದರೆ ಕೇಳಿ ಬರಲಿ. ಸಹಿ ಆಮೇಲೆ ಹಾಕಲಿ.